ಸೌದೆ, ಒಲೆ, ಕೊಡಲಿ, ಚೈನ್ ಸಾ: ಮಲೆನಾಡಿನ ಮನೆಗೆ ಯಾವುದು ಸರಿ?

ಮಳೆಗಾಲಕ್ಕೆ ಸೌದೆ ಕೂಡಿಡುವ ಹೊತ್ತು ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು. ಅಕೇಶಿಯಾ ತರಿಸೋದಾ, ಸರ್ವೆ (ಗಾಳಿಮರ) ತರಿಸೋದಾ? ಸಿಲ್ವರ್ ಓಕ್ ಅಗ್ಗಕ್ಕೆ ಸಿಕ್ಕರೆ ಅದನ್ನೇ ತುಂಬಿಸಿಬಿಡೋದಾ? ನನ್ನ ಪ್ರಕಾರ ಮರದ ಜಾತಿ ಕೊನೆಗೆ ಬರುವ ವಿಷಯ. ಮೊದಲು ನೋಡಬೇಕಾದ್ದು ಸೌದೆಯೊಳಗಿನ ನೀರು. ಆಮೇಲೆ ಒಲೆ. ಆಮೇಲೆ ಕಡಿಯುವ, ಸೀಳುವ ಸಾಮಾನು. ದುಡ್ಡನ್ನೂ ಇದೇ ಸಾಲಿನಲ್ಲಿ ಹಾಕಬೇಕು. ಎಷ್ಟೋ ಕಡೆ ಆಗುವುದು ತಿರುಗಾಮುರುಗಾ. ಮೊದಲು ಚೈನ್ ಸಾ ಬರುತ್ತದೆ, ಒಲೆ ಅಜ್ಜನ ಕಾಲದ್ದೇ ಉಳಿಯುತ್ತದೆ, ಕಟ್ಟಿಗೆ ಅಂಗಳದಲ್ಲಿ ನೆನೆಯುತ್ತಿರುತ್ತದೆ.

ಇಲ್ಲಿ ಹೇಳುವುದೆಲ್ಲ ಸಾಗರ, ತೀರ್ಥಹಳ್ಳಿ, ಶಿರಸಿ, ಕೊಪ್ಪದ ಕಡೆಯ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಬಚ್ಚಲ ಒಲೆ ದಿನಾ ಉರಿಯುವ ಮನೆ, ಗ್ಯಾಸ್ ಇದ್ದರೂ ದೊಡ್ಡ ಪಾತ್ರೆಗೆ ಕಟ್ಟಿಗೆಯೇ ಬೇಕಾಗುವ ಮನೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಮನೆ. ಕರಾವಳಿಯವರಿಗೂ ಬಹುಪಾಲು ಹೊಂದುತ್ತದೆ. ಬಯಲುಸೀಮೆಯವರಿಗೆ ಒಣಗಿಸುವ ಕಷ್ಟ ಇಷ್ಟಿಲ್ಲ, ಹಾಗಾಗಿ ಅವರ ಲೆಕ್ಕ ಸ್ವಲ್ಪ ಬೇರೆ.

ತೂಕಕ್ಕೆ ಕೊಳ್ಳುವುದಾ, ಲೋಡಿಗಾ?

ಚೆನ್ನಾಗಿ ಒಣಗಿದ ಕಟ್ಟಿಗೆ ಯಾವ ಜಾತಿಯದಾದರೂ ಒಂದು ಕಿಲೊ ಕೊಡುವ ಕಾವು ಹೆಚ್ಚುಕಮ್ಮಿ ಒಂದೇ. ಒಂದು ಕಿಲೊ ಸರ್ವೆ, ಒಂದು ಕಿಲೊ ಸಿಲ್ವರ್ ಓಕ್ ಎರಡೂ ಒಂದೇ ಹದಕ್ಕೆ ಒಣಗಿದ್ದರೆ ಹಂಡೆಗೆ ಹೋಗುವ ಬಿಸಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಸರ್ವೆ ಗಟ್ಟಿ ಮರ, ಸ್ವಲ್ಪ ಜಾಗದಲ್ಲಿ ಜಾಸ್ತಿ ತೂಕ. ಸಿಲ್ವರ್ ಓಕ್ ಹಗುರ. ಹಾಲವಾಣ, ಬೂರುಗ ಇನ್ನೂ ಹಗುರ.

ಹಾಗಾಗಿ ತೂಕಕ್ಕೆ ಕೊಳ್ಳುವವರು ಜಾತಿ ಬಿಟ್ಟು ನೀರನ್ನು ನೋಡಬೇಕು. ಲೋಡಿಗೆ ಕೊಳ್ಳುವವರು ಜಾತಿಯನ್ನೂ ಒಟ್ಟಿದ ರೀತಿಯನ್ನೂ ನೋಡಬೇಕು. ಹಸಿ ಸೌದೆಯನ್ನು ತೂಕಕ್ಕೆ ಕೊಂಡರೆ ನೀರಿಗೆ ದುಡ್ಡು ಕೊಟ್ಟ ಹಾಗೆ. ಹಗುರ ಮರವನ್ನು ಲೋಡಿಗೆ ಕೊಂಡರೆ ಗಾಳಿಗೆ.

ಲೋಡಿನ ಲೆಕ್ಕ ಟೇಪ್ ಹಿಡಿದೇ ನೋಡಿ. 8 ಅಡಿ ಉದ್ದ, 5 ಅಡಿ ಅಗಲದ ಗಾಡಿಯ ಡಬ್ಬಿಗೆ 4 ಅಡಿ ಎತ್ತರ ತುಂಬಿದರೆ 160 ಘನ ಅಡಿ, ಅಂದರೆ ಸುಮಾರು ನಾಲ್ಕೂವರೆ ಘನ ಮೀಟರ್. ಒತ್ತೊತ್ತಾಗಿ ಜೋಡಿಸಿದ್ದರೆ ಅದರಲ್ಲಿ ನಿಜವಾದ ಮರ ನೂರಕ್ಕೆ 65ರ ಆಸುಪಾಸು, ಸುಮಾರು ಮೂರು ಘನ ಮೀಟರ್. ಅದೇ ಗಾಡಿಗೆ ಅಡ್ಡಾದಿಡ್ಡಿ ಎಸೆದು ತುಂಬಿದ್ದರೆ ಎರಡು ಘನ ಮೀಟರ್ ಸಿಕ್ಕರೆ ಹೆಚ್ಚು. ಗಾಡಿ ಒಂದೇ, ಬಾಡಿಗೆ ಒಂದೇ, ಎತ್ತರವೂ ಒಂದೇ. ಮೂರನೇ ಒಂದು ಭಾಗ ಕಟ್ಟಿಗೆ ಮಾತ್ರ ಇಲ್ಲ. ಅದಕ್ಕೆ ಮಾತಾಡುವಾಗಲೇ "ಒಟ್ಟಿ ತುಂಬಿಸಿ ಕೊಡಬೇಕು" ಅಂತ ಹೇಳಿಬಿಡುವುದು ಒಳ್ಳೆಯದು.

ಹಸಿಯಾ, ಒಣಗಿದ್ದಾ?

ಈಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರು ಇರಬಹುದು. 100 ಕಿಲೊ ಅಂಥ ಸೌದೆ ತಂದರೆ 50 ಕಿಲೊ ಮರ, 50 ಕಿಲೊ ನೀರು. ಅದನ್ನು ಒಣಗಿಸಿ ನೀರಿನ ಪಾಲನ್ನು ನೂರಕ್ಕೆ 20ಕ್ಕೆ ಇಳಿಸಿದರೆ ಒಟ್ಟು ತೂಕ ಅರವತ್ತೆರಡೂವರೆ ಕಿಲೊ ಆಗುತ್ತದೆ. ಮರ ಕಮ್ಮಿ ಆಗಿಲ್ಲ, ನೀರು ಹೋಗಿದೆ ಅಷ್ಟೇ.

ಹಾಗೆಯೇ ಹಸಿಯಾಗಿ ಉರಿಸಿದರೆ? ಆ 50 ಕಿಲೊ ನೀರನ್ನು ಒಲೆಯೇ ಕುದಿಸಿ ಆವಿ ಮಾಡಬೇಕು. ಅದಕ್ಕೆ ಸುಮಾರು 31,000 ಕಿಲೊ ಕ್ಯಾಲರಿ ಬೇಕು. ಒಣ ಸೌದೆ ಒಂದು ಕಿಲೊಗೆ 3,400ರಷ್ಟು ಕೊಡುತ್ತದೆ ಅಂತ ಹಿಡಿದರೆ ಒಂಬತ್ತು ಕಿಲೊ ಒಣ ಸೌದೆ ಬರೀ ಸೌದೆಯನ್ನೇ ಒಣಗಿಸಲು ಖರ್ಚು. ಇದು ಕಾಗದದ ಮೇಲಿನ ಲೆಕ್ಕ. ಒಲೆಯಲ್ಲಿ ನಷ್ಟ ಇನ್ನೂ ಜಾಸ್ತಿ. ಹಸಿ ಕಟ್ಟಿಗೆಯ ಉರಿ ತಣ್ಣಗಿರುತ್ತದೆ, ಹೊಗೆ ಪೂರ್ತಿ ಉರಿಯದೆ ಹೊರಗೆ ಹೋಗುತ್ತದೆ. ಆ ಹೊಗೆಯೂ ಇಂಧನವೇ ಅಲ್ವಾ? ಅದು ಹಂಡೆಯ ತಳದಲ್ಲಿ ಮಸಿಯಾಗಿ, ಮಾಡಿನಲ್ಲಿ ಇಲ್ಲಣವಾಗಿ, ಊದುವವರ ಎದೆಯಲ್ಲಿ ಕೆಮ್ಮಾಗಿ ಕೂರುತ್ತದೆ.

ಬೆಲೆಗೆ ಬಂದರೆ ಲೆಕ್ಕ ಸುಲಭ. ಅರ್ಧ ನೀರಿರುವ ಸೌದೆಯ ಕಿಲೊ ಬೆಲೆಗಿಂತ ಒಂದೂವರೆ ಪಟ್ಟು ಕೇಳಿದರೂ ಚೆನ್ನಾಗಿ ಒಣಗಿದ್ದೇ ಲಾಭ. ಎರಡು ಪಟ್ಟು ಕೇಳಿದರೆ ಹಸಿಯದನ್ನೇ ತಂದು ಮನೆಯಲ್ಲಿ ಒಣಗಿಸುವುದು ಮೇಲು, ಜಾಗ ಮತ್ತು ಬಿಸಿಲು ಇದ್ದರೆ.

ಒಣಗಿದೆ ಅನ್ನುವುದನ್ನು ಮಾರುವವರ ಮಾತಿನ ಮೇಲೆ ನಂಬಬೇಕಿಲ್ಲ. ತುಂಡಿನ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಓಡಿರಬೇಕು. ತೊಗಟೆ ಉಗುರಿಗೆ ಬಿಟ್ಟು ಬರಬೇಕು. ಎರಡು ತುಂಡು ಬಡಿದರೆ ಟಣ್ ಅನ್ನಬೇಕು. ದಬ್ ಅಂದರೆ ಒಳಗೆ ನೀರಿದೆ. ಆದರೆ ತುದಿ ಬೇಗ ಒಣಗುತ್ತದೆ, ಅಲ್ಲಿ ನೋಡಿ ಮೋಸ ಹೋಗಬಾರದು. ಲೋಡಿನ ನಡುವಿನಿಂದ ಒಂದು ದಪ್ಪ ತುಂಡು ಎಳೆದು ಅಲ್ಲೇ ಸೀಳಿಸಿ, ಸೀಳಿದ ಮೈಯನ್ನು ಕೆನ್ನೆಗೆ ಒತ್ತಿಕೊಳ್ಳಿ. ತಂಪು ತಟ್ಟಿದರೆ ಇನ್ನೂ ಹಸಿ. ಅಂಗೈಗಿಂತ ಕೆನ್ನೆಗೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ತೇವ ಅಳೆಯುವ ಪುಟ್ಟ ಮೀಟರ್ ಕೂಡ ಸಿಗುತ್ತದೆ. ಎರಡು ಮೊಳೆ ಚುಚ್ಚಿದರೆ ಅಂಕಿ ತೋರಿಸುತ್ತದೆ. ಚುಚ್ಚಬೇಕಾದ್ದು ಆಗಷ್ಟೇ ಸೀಳಿದ ಮೈಗೆ, ತುದಿಗಲ್ಲ. ಒಂದು ವಿಷಯ ನೆನಪಿರಲಿ: ಮರದ ಮೀಟರುಗಳು ಸಾಮಾನ್ಯವಾಗಿ ತೋರಿಸುವುದು ಒಣ ಮರದ ತೂಕಕ್ಕೆ ಹೋಲಿಸಿದ ನೀರು. ಮೀಟರಿನಲ್ಲಿ 25 ಬಂದರೆ ಒಟ್ಟು ತೂಕದಲ್ಲಿ ನೀರು ನೂರಕ್ಕೆ 20. ಮೀಟರ್ ಬೇಡ ಅನ್ನುವವರು ಅಡಿಗೆಮನೆಯ ತಕ್ಕಡಿ ಬಳಸಿ. ಒಂದು ಕಿಲೊ ತುಂಡನ್ನು ಸಣ್ಣ ಚಕ್ಕೆ ಮಾಡಿ ಒಲೆದಂಡೆಯ ಮೇಲೆ ಇಡಿ. ತೂಕ ಇಳಿಯುವುದು ನಿಂತಾಗ 800 ಗ್ರಾಂ ಉಳಿದರೆ ನೂರಕ್ಕೆ 20 ನೀರಿತ್ತು ಅಂತ ತಿಳಿಯಬಹುದು.

ಕಟ್ಟಿಗೆ ಕೊಟ್ಟಿಗೆಗೆ ಮೊದಲ ದುಡ್ಡು

ಯಂತ್ರಗಳ ಅಂಗಡಿಯಲ್ಲಿ ಸಿಗದ, ಆದರೆ ಎಲ್ಲಕ್ಕಿಂತ ಹೆಚ್ಚು ಉಳಿಸಿಕೊಡುವ ಸಾಧನ ಇದು. ಮಲೆನಾಡಿನ ಮಳೆಯಲ್ಲಿ ಪ್ಲಾಸ್ಟಿಕ್ ಹೊದೆಸಿದ ರಾಶಿ ಒಣಗುವುದಿಲ್ಲ, ಬೆವರುತ್ತದೆ. ಮೇಲಿನಿಂದ ನೀರು ಬರಬಾರದು, ಪಕ್ಕದಿಂದ ಗಾಳಿ ಆಡಬೇಕು, ಕೆಳಗಿನಿಂದ ನೆಲದ ತೇವ ಏರಬಾರದು. ಮೂರೂ ಒಟ್ಟಿಗೆ ಇರಬೇಕು.

ದಿನಕ್ಕೆ 10 ಕಿಲೊ ಉರಿಸುವ ಮನೆಗೆ ವರ್ಷಕ್ಕೆ ಮೂರೂವರೆ ಟನ್ ಮೇಲೆ ಬೇಕು. ಒಣ ಅಕೇಶಿಯಾ ಜೋಡಿಸಿದರೆ ಇಷ್ಟಕ್ಕೆ 10 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರದ ಜಾಗ ಸಾಕಾಗುತ್ತದೆ. ಮಾಡು ಎರಡೂ ಕಡೆ ಚಾಚಿರಲಿ, ಇರಚಲು ಹೊಡೆಯದ ಹಾಗೆ. ಪಕ್ಕಕ್ಕೆ ಗೋಡೆ ಬೇಡ, ಅಡಿಕೆ ದಬ್ಬೆ ಸಂದು ಬಿಟ್ಟು ಹೊಡೆದರೆ ಸಾಕು. ತಳಕ್ಕೆ ಕಲ್ಲಿಟ್ಟು ಅದರ ಮೇಲೆ ಅಡ್ಡ ಮರ ಹಾಕಿ, ನೆಲದಿಂದ ಒಂದು ಗೇಣಾದರೂ ಮೇಲಿರಲಿ. ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಜಾಗ ಇದ್ದರೆ ಎರಡು ಅಂಕಣ ಮಾಡಿ: ಒಂದರಲ್ಲಿ ಈ ವರ್ಷ ಉರಿಸುವುದು, ಇನ್ನೊಂದರಲ್ಲಿ ಮುಂದಿನ ವರ್ಷದ್ದು.

ದೀಪಾವಳಿ ಕಳೆದ ಮೇಲೆ ಕಡಿದು, ಹಸಿಯಿದ್ದಾಗಲೇ ಸೀಳಿ, ಬೇಸಿಗೆಯ ಬಿಸಿಲು ಪೂರ್ತಿ ತೋರಿಸಿ, ಮೃಗಶಿರ ಮಳೆ ಹಿಡಿಯುವ ಮೊದಲು ಒಳಗೆ ಒಟ್ಟಿದ ಕಟ್ಟಿಗೆ ಹದವಾಗಿ ಉರಿಯುತ್ತದೆ. ಸೀಳದೆ ಉಂಡೆಯಾಗಿಯೇ ಬಿಟ್ಟದ್ದು ಅಷ್ಟರಲ್ಲಿ ಒಣಗುವುದಿಲ್ಲ. ತೊಗಟೆ ನೀರನ್ನು ಬಿಡುವುದಿಲ್ಲ. ನೀರು ಹೊರಗೆ ಬರುವುದು ತುದಿಯಿಂದ ಮತ್ತು ಸೀಳಿದ ಮೈಯಿಂದ. ಒಂದೂವರೆ ಅಡಿ ತುಂಡು, ಮಣಿಕಟ್ಟಿನ ದಪ್ಪದ ಸೀಳು: ಬಚ್ಚಲ ಒಲೆಗೂ ಒಣಗಲಿಕ್ಕೂ ಇದು ಸರಿಯಾದ ಅಳತೆ.

ಈಗ ಜಾತಿಯ ಮಾತು

ಸರ್ವೆ ಮೊದಲ ಸಾಲಿನದು. ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತದೆ, ಸ್ವಲ್ಪ ಹಸಿ ಇದ್ದರೂ ಹತ್ತಿಕೊಳ್ಳುತ್ತದೆ. ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ, ಘಟ್ಟ ಹತ್ತಿಸಿದರೆ ಬಾಡಿಗೆ ಸೇರಿ ದುಬಾರಿ. ಅಡಿಕೆ ಬೇಯಿಸುವಂಥ ಒಂದೇ ಸಮ ಉರಿ ಬೇಕಾದ ಕೆಲಸಕ್ಕೆ ಒಳ್ಳೆಯದು.

ಅಕೇಶಿಯಾ ಇವತ್ತಿನ ಮಲೆನಾಡಿನ ದಿನಬಳಕೆಯ ಕಟ್ಟಿಗೆ. ಕಾವು ಒಳ್ಳೆಯದು, ಸೀಳಲು ಕಷ್ಟವಿಲ್ಲ, ಎಲ್ಲ ಕಡೆ ಸಿಗುತ್ತದೆ. ನೈಸರ್ಗಿಕ ಕಾಡಿನ ಜಾಗದಲ್ಲಿ ಅದನ್ನೇ ನೆಟ್ಟಿದ್ದರ ಬಗ್ಗೆ ನನಗೆ ಬೇಸರ ಇದೆ. ಆದರೆ ಬೆಳೆದು ನಿಂತದ್ದನ್ನು ಉರಿಸಲಿಕ್ಕೆ ಬಳಸಿದರೆ ಮತ್ತಿ, ನಂದಿಯಂಥ ಮರಗಳ ಮೇಲಿನ ಕೊಡಲಿ ತಪ್ಪುತ್ತದೆ. ಆ ದೃಷ್ಟಿಯಿಂದ ಮನೆ ಒಲೆಗೆ ನನ್ನ ಮೊದಲ ಆಯ್ಕೆ ಇದೇ.

ಸಿಲ್ವರ್ ಓಕ್ ಕಾಫಿ ತೋಟದವರಿಗೆ ಸವರಿದ ಕೊಂಬೆಯಾಗಿ ಪುಕ್ಕಟೆ ಸಿಗುತ್ತದೆ. ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಬೆಳಗಿನ ಕಾಫಿ, ತಿಂಡಿಗೆ ಸರಿ. ಹಂಡೆಗೆ ಇದೊಂದೇ ಇಟ್ಟರೆ ಪದೇ ಪದೇ ಒಡ್ಡುತ್ತಿರಬೇಕು. ಹಳೆಯ ಕಾಫಿ ಗಿಡದ ಬೊಡ್ಡೆ ಮಾತ್ರ ಚೆನ್ನಾಗಿ ಕೆಂಡ ಕೊಡುತ್ತದೆ. ತೋಟದ ಬೇಲಿಯ ಗೊಬ್ಬರದ ಗಿಡವನ್ನು (ಗ್ಲಿರಿಸಿಡಿಯಾ) ಎಷ್ಟು ಸವರಿದರೂ ಮತ್ತೆ ಚಿಗುರುತ್ತದೆ. ಸೊಪ್ಪು ತೋಟಕ್ಕೆ, ಕೋಲು ಒಲೆಗೆ. ಸೌದೆಗೆಂದೇ ಏನಾದರೂ ನೆಡುವವರು ಇದನ್ನು ಬೇಲಿಯ ಉದ್ದಕ್ಕೂ ನೆಡಿ.

ಹೊಲಗೇರು ಮರದ ಹತ್ತಿರ ಹೋಗಬೇಡಿ. ಅದರ ಸೊನೆ ತಾಗಿದರೆ ಮೈ ಗುಳ್ಳೆ ಏಳುತ್ತದೆ. ಕಣಗಿಲೆಯ ಕಡ್ಡಿಯನ್ನೂ ಒಲೆಗೆ ಹಾಕಬೇಡಿ, ಅದರ ಹೊಗೆಯೂ ವಿಷ. ಬಣ್ಣ ಹೊಡೆದ ಹಲಗೆ, ಹಳೆಯ ಪ್ಲೈವುಡ್ ಅಡಿಗೆ ಒಲೆಗೂ ಬೇಡ, ಬಚ್ಚಲ ಒಲೆಗೂ ಬೇಡ.

ಚಿಪ್ಪು, ಮಟ್ಟೆ, ಬ್ರಿಕೆಟ್

ತೆಂಗಿನ ಚಿಪ್ಪು ಒಳ್ಳೆಯ ಕಾವು ಕೊಡುತ್ತದೆ. ಆದರೆ ಅದಕ್ಕೆ ಇದ್ದಿಲು ಮಾಡುವವರ ಕಡೆಯಿಂದ ಬೇಡಿಕೆ ಇದೆ. ತಿಪಟೂರಿನಂಥ ಊರುಗಳ ಹತ್ತಿರ ಇರುವವರು ಉರಿಸುವ ಮೊದಲು ಬೆಲೆ ಕೇಳಿ. ಸೋಗೆ, ಮಟ್ಟೆ ಒಲೆ ಹತ್ತಿಸಲು ಸಾಕು. ಅಡಿಕೆ ಸಿಪ್ಪೆ ಒದ್ದೆಯಾಗಿರುತ್ತದೆ, ಹೊಗೆ ಜಾಸ್ತಿ. ಅದು ತೋಟಕ್ಕೇ ಮರಳಲಿ.

ಬ್ರಿಕೆಟ್ ಅಂದರೆ ಮರದ ಪುಡಿ, ಕಡಲೆ ಸಿಪ್ಪೆ, ಕಾಫಿ ಸಿಪ್ಪೆಯನ್ನು ಒಣಗಿಸಿ ಭಾರಿ ಒತ್ತಡದಲ್ಲಿ ಅಚ್ಚು ಹಾಕಿದ ಉರುಳೆ. ಸಾಮಾನ್ಯವಾಗಿ ಅಂಟು ಹಾಕುವುದಿಲ್ಲ. ಒತ್ತುವಾಗಿನ ಬಿಸಿಗೆ ಮರದೊಳಗಿನ ಲಿಗ್ನಿನ್ ಅನ್ನುವ ಅಂಶವೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಒಣಗಿರುತ್ತದೆ, ಎಲ್ಲ ತುಂಡೂ ಒಂದೇ ಅಳತೆ, ಜಾಗ ಕಮ್ಮಿ ಸಾಕು. ಮದುವೆ ಅಡಿಗೆಯವರು, ಹೋಟೆಲಿನವರು, ಅಡಿಕೆ ಖೇಣಿ (ಫಸಲಿನ ಗುತ್ತಿಗೆ) ಹಿಡಿದು ದಿನಗಟ್ಟಲೆ ಬೇಯಿಸುವವರು ಒಮ್ಮೆ ನೋಡಬೇಕಾದ್ದು. ಎರಡು ಶರತ್ತು. ಒಲೆಗೆ ಕೆಳಗಿನಿಂದ ಗಾಳಿ ಬರುವ ಜಾಲರಿ ಇರಬೇಕು. ಬೂದಿಯ ಮೇಲೆ ಇಟ್ಟರೆ ಬರೀ ಹೊಗೆಯಾಡುತ್ತದೆ. ಇನ್ನೊಂದು, ನೀರು ತಾಗಬಾರದು. ನೆನೆದ ಬ್ರಿಕೆಟ್ ಉಬ್ಬಿ ಪುಡಿಯಾಗಿ ಹೋಗುತ್ತದೆ. ಆಷಾಢದಲ್ಲಿ ಜಗಲಿಯ ಮೂಲೆಯೂ ಅದಕ್ಕೆ ಸಾಲದು.

ಕೊಳ್ಳುವಾಗ ಯಾವುದರಿಂದ ಮಾಡಿದ್ದು ಅಂತ ಕೇಳಿ. ಭತ್ತದ ಹೊಟ್ಟು ಇದ್ದರೆ ಬೂದಿ ವಿಪರೀತ. ಮರದಲ್ಲಿ ಬೂದಿ ನೂರಕ್ಕೆ ಒಂದೆರಡು ಪಾಲು, ಭತ್ತದ ಹೊಟ್ಟಿನಲ್ಲಿ 15 ದಾಟುತ್ತದೆ. ಒಂದು ಕಿಲೊ ಉರಿಸಿ ಉಳಿದ ಬೂದಿ ತೂಗಿದರೆ ಮಾರುವವರ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ.

ಪೆಲೆಟ್ ಅಂದರೆ ಬ್ರಿಕೆಟ್ಟಿನ ಹಾಗೆಯೇ ಒತ್ತಿ ಮಾಡಿದ ಪುಟ್ಟ ಗುಳಿಗೆ. ಅದರ ಒಲೆಗಳ ಬಗ್ಗೆ ಒಂದು ಕಥೆ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ಊರ್ಜಾ ಅನ್ನುವ ಒಲೆ ಬಂತು. ಪುಟ್ಟ ಫ್ಯಾನ್, ಒಳಗೆ ಪೆಲೆಟ್, ಗ್ಯಾಸಿನ ಹಾಗೆ ಉರಿ. ಲಕ್ಷಗಟ್ಟಲೆ ಮನೆಗಳಿಗೆ ಹೋಯಿತು. ಆಮೇಲೆ ಪೆಲೆಟ್‌ಗೆ ಬೇಕಾದ ಕಚ್ಚಾಮಾಲಿನ ಬೆಲೆ ಏರಿತು, ಮನೆಗಳಿಗೆ ಪೆಲೆಟ್ ಕೊಳ್ಳುವುದು ಕಷ್ಟವಾಯಿತು. ದೊಡ್ಡ ತೊಡಕು ಒಲೆಯದಲ್ಲ, ಇಂಧನದ್ದು. ಅದಕ್ಕೆ ಬೇರೆ ತಿನಿಸು ಹಿಡಿಸುತ್ತಿರಲಿಲ್ಲ. ಒಂದೇ ಬಗೆಯ ಇಂಧನಕ್ಕೆ ಕಟ್ಟುಬಿದ್ದ ಸಾಧನ ಕೊಳ್ಳುವ ಮುಂಚೆ, ಆ ಇಂಧನ ನಿಮ್ಮ ಊರಿನ ಹತ್ತಿರ ಇಬ್ಬರು ಮೂವರು ಬೇರೆ ಬೇರೆ ಮಾರುವವರ ಹತ್ತಿರ ಸಿಗುತ್ತದಾ ಅಂತ ನೋಡಿ.

ಒಲೆ: ಇಲ್ಲಿ ಉಳಿತಾಯ ದಿನವೂ ಕಾಣುತ್ತದೆ

ಐದು ಜನರ ಮನೆಗೆ ಸ್ನಾನಕ್ಕೆ 100 ಲೀಟರ್ ನೀರು ಅಂತ ಇಟ್ಟುಕೊಳ್ಳಿ. ಅದನ್ನು 25 ಡಿಗ್ರಿ ಬಿಸಿ ಏರಿಸಲು 2,500 ಕಿಲೊ ಕ್ಯಾಲರಿ ಬೇಕು. ಹಳೆಯ ತೆರೆದ ಬಾಯಿಯ ಒಲೆ ಸೌದೆಯ ಕಾವಿನಲ್ಲಿ ನೂರಕ್ಕೆ 15 ಪಾಲು ಮಾತ್ರ ನೀರಿಗೆ ಕೊಟ್ಟರೆ ದಿನಕ್ಕೆ ಐದು ಕಿಲೊ ಒಣ ಸೌದೆ. 30 ಪಾಲು ಕೊಡುವ ಒಲೆಯಾದರೆ ಎರಡೂವರೆ ಕಿಲೊ. ವರ್ಷಕ್ಕೆ 900 ಕಿಲೊ ವ್ಯತ್ಯಾಸ, ಬಚ್ಚಲಿನಲ್ಲಿ ಮಾತ್ರ. ಅಷ್ಟು ಕಡಿಯುವ, ಸೀಳುವ, ಹೊರುವ, ಒಟ್ಟುವ ಕೆಲಸವೂ ಉಳಿಯುತ್ತದೆ.

ಇದೇ ನೀರಿಗೆ ಕರೆಂಟಾದರೆ ಸುಮಾರು 3 ಯೂನಿಟ್, ಗ್ಯಾಸ್ ಗೀಸರಾದರೆ 300 ಗ್ರಾಂ ಆಸುಪಾಸು ಬೇಕು. ನಿಮ್ಮ ಊರಿನ ದರ ಹಾಕಿ ಗುಣಿಸಿಕೊಳ್ಳಿ. ಸೋಲಾರ್ ಹಾಕಿಸಿದವರೂ ಬಚ್ಚಲ ಒಲೆ ಕೀಳಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನಂಬುವ ಹಾಗಿಲ್ಲ.

ಹಂಡೆ ಒಲೆಯನ್ನು ಪೂರ್ತಿ ಒಡೆಯದೆ ಸುಧಾರಿಸಬಹುದು. ಹಂಡೆ ಕುತ್ತಿಗೆವರೆಗೂ ಕಟ್ಟಡದೊಳಗೆ ಕೂರಬೇಕು, ಸುತ್ತ ಒಂದೆರಡು ಬೆರಳು ಸಂದು ಇರಬೇಕು. ಉರಿ ಆ ಸಂದಿನಲ್ಲಿ ಹಂಡೆಯ ಮೈಗೆ ಒತ್ತಿಕೊಂಡು ಸುತ್ತಿ ಚಿಮಣಿಗೆ ಹೋಗಬೇಕು. ತಳಕ್ಕೆ ಕಬ್ಬಿಣದ ಜಾಲರಿ, ಅದರ ಕೆಳಗೆ ಬೂದಿ ಬೀಳುವ, ಗಾಳಿ ಎಳೆಯುವ ಕಿಂಡಿ. ಸೌದೆ ತುರುಕುವ ಬಾಯಿ ಚಿಕ್ಕದಿರಲಿ. ಬಾಯಿ ದೊಡ್ಡದಾದಷ್ಟೂ ತಣ್ಣನೆ ಗಾಳಿ ನುಗ್ಗಿ ಉರಿಯನ್ನು ತಣಿಸುತ್ತದೆ. ತಾಮ್ರದ ಬಾಯ್ಲರ್ ಬೇಗ ಕಾಯುತ್ತದೆ, ಜಾಗ ಕಮ್ಮಿ, ಬಾಡಿಗೆ ಮನೆಯವರಿಗೂ ಅನುಕೂಲ. ಆದರೆ ಸೌದೆ ಸಣ್ಣ ಸಣ್ಣ ಚಕ್ಕೆಯಾಗಿರಬೇಕು. ಸ್ವಂತ ಮನೆ, ದೊಡ್ಡ ಕುಟುಂಬ ಇದ್ದರೆ ಸುಧಾರಿಸಿದ ಹಂಡೆ ಒಲೆಯೇ ಸರಿ. ರಾತ್ರಿ ಉಳಿದ ಕೆಂಡಕ್ಕೇ ಬೆಳಗಿನ ನೀರು ಬೆಚ್ಚಗಿರುತ್ತದೆ.

ಅಡಿಗೆಗೆ ಅಸ್ತ್ರ ಒಲೆ. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ಕೇಂದ್ರ, ಕುಣಿಗಲ್ ತಾಲ್ಲೂಕಿನ ಉಂಗ್ರದಂಥ ಹಳ್ಳಿಯಲ್ಲಿ ಇದ್ದು ಕೆಲಸ ಮಾಡಿತು. ಅಲ್ಲಿಂದ ಬಂದ ಒಲೆ ಇದು. ಮುಚ್ಚಿದ ಉರಿಗೂಡು, ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಚಿಮಣಿ. ಬೆಂಗಳೂರಿನ ಟೈಡ್ ಸಂಸ್ಥೆ ಮನೆಗಳಿಗೆ ಸರಳ ಒಲೆ ಕಟ್ಟಲು ಹೆಂಗಸರಿಗೇ ತರಬೇತಿ ಕೊಟ್ಟಿತು. ಅಡಿಕೆ ಬೇಯಿಸುವಂಥ ದೊಡ್ಡ ಕೆಲಸಗಳ ಒಲೆಯನ್ನೂ ಸುಧಾರಿಸಿತು. ಇಂಥ ಒಲೆಗೆ ಅಳತೆಯೇ ಜೀವ. ಜಾಲರಿಯಿಂದ ಪಾತ್ರೆಯ ತಳಕ್ಕೆ ಇರುವ ದೂರ, ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುವ ಕಂಡಿ, ಯಾವುದನ್ನೂ ಅಂದಾಜಿಗೆ ಬಿಡಬಾರದು. ಒಂದಂಗುಲ ಹೆಚ್ಚುಕಮ್ಮಿಯಾದರೆ ಎರಡನೇ ಪಾತ್ರೆ ಕಾಯುವುದೇ ಇಲ್ಲ. ಕಟ್ಟಿ ಅನುಭವ ಇರುವವರನ್ನೇ ಕರೆಸಿ.

ಹಗುರವಾದ ಲೋಹದ ಒಲೆಗಳು, ಎತ್ತಿ ಇಡುವಂಥವು, ಅಂಗಡಿಯಲ್ಲಿ ಸಿಗುತ್ತವೆ. ಸೌದೆ ಕಮ್ಮಿ ಬೇಕು ಅನ್ನುವುದು ನಿಜ. ಆದರೆ ಚಿಮಣಿ ಇಲ್ಲದ್ದನ್ನು ಅಡಿಗೆಮನೆಯೊಳಗೆ ಇಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಇಂಧನದ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು. ಹಿತ್ತಲಲ್ಲಿ, ಸೂರಿನ ಕೆಳಗೆ ಇಟ್ಟು ಬಳಸಿ.

ಅಡಿಕೆ ಒಲೆಯ ಮಾತು ಬೇರೆ. ಸುಲಿದ ಹಸಿ ಅಡಿಕೆಯನ್ನು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸುವುದು ವರ್ಷದಲ್ಲಿ ಕೆಲವೇ ವಾರ. ಆದರೆ ಆ ವಾರಗಳಲ್ಲಿ ಸೌದೆ ರಾಶಿ ರಾಶಿ ಹೋಗುತ್ತದೆ. ಸುಲಿಯುವ ಜನ ಕೂತಿರುತ್ತಾರೆ, ಒಂದು ಹಂಡೆ ಇಳಿಸುವುದರೊಳಗೆ ಇನ್ನೊಂದಕ್ಕೆ ತಯಾರಿರುತ್ತದೆ, ಉರಿ ಕುಗ್ಗುವ ಹಾಗಿಲ್ಲ. ಇಲ್ಲಿ ಅತಿ ಒಳ್ಳೆಯ, ಅತಿ ಒಣಗಿದ ಕಟ್ಟಿಗೆಯನ್ನೇ ಇಡಿ. ಸುಧಾರಿಸಿದ ಒಲೆಗೆ ಹಾಕಿದ ದುಡ್ಡು ಎಲ್ಲಕ್ಕಿಂತ ಬೇಗ ಮರಳುವುದೂ ಇಲ್ಲೇ. ಒಂದು ಕ್ವಿಂಟಲ್‌ಗೂ ಕಮ್ಮಿ ಅಡಿಕೆ ಇರುವವರು ಸ್ವಂತ ಒಲೆ ಕಟ್ಟಿಸುವುದಕ್ಕಿಂತ ಪಕ್ಕದ ಮನೆಯವರ ಜತೆ ಸೇರುವುದು ಒಳ್ಳೆಯದು.

ಕೊಡಲಿ, ಬೆಣೆ, ಚೈನ್ ಸಾ, ಸೀಳುವ ಯಂತ್ರ

ಕಡಿಯುವ ಕೊಡಲಿ ಬೇರೆ, ಸೀಳುವ ಕೊಡಲಿ ಬೇರೆ. ಕಡಿಯುವುದಕ್ಕೆ ಬಾಯಿ ತೆಳ್ಳಗೆ, ಚೂಪು. ಸೀಳುವುದಕ್ಕೆ ಕೆನ್ನೆ ದಪ್ಪ, ತೂಕ ಎರಡೂವರೆಯಿಂದ ಮೂರೂವರೆ ಕಿಲೊ. ಅದು ಕತ್ತರಿಸಬೇಕಿಲ್ಲ, ಅಗಲಿಸಬೇಕು. ತೆಳ್ಳಗಿನ ಕೊಡಲಿಯಿಂದ ಸೀಳಲು ಹೋದರೆ ಕಚ್ಚಿಕೊಂಡು ಕೂರುತ್ತದೆ, ಕೀಳುವುದರಲ್ಲೇ ಅರ್ಧ ಶಕ್ತಿ ಮುಗಿಯುತ್ತದೆ.

ತುಂಡನ್ನು ಅಡಿಮರದ ಮೇಲೆ ನಿಲ್ಲಿಸಿ ಮೊದಲು ಅದರ ತಲೆ ನೋಡಿ. ಒಣಗುವಾಗ ಬಿಟ್ಟ ಸಣ್ಣ ಬಿರುಕು ಇದ್ದೇ ಇರುತ್ತದೆ. ಏಟು ಆ ಬಿರುಕಿನ ಗೆರೆಯಲ್ಲೇ ಬೀಳಲಿ. ಗಂಟು ಇದ್ದರೆ ಅದು ಕೆಳಗೆ ಬರುವ ಹಾಗೆ ತಿರುಗಿಸಿ. ದಪ್ಪ ತುಂಡಾದರೆ ನಡುವಿಗೆ ಹೊಡೆಯದೆ ಅಂಚಿನಿಂದ ಹೋಳು ಹೋಳಾಗಿ ಬಿಡಿಸುತ್ತಾ ಬನ್ನಿ. ಏಟು ಬೀಳುವ ಹೊತ್ತಿಗೆ ಮೊಣಕಾಲು ಸ್ವಲ್ಪ ಬಗ್ಗಿರಲಿ. ತಪ್ಪಿದರೆ ಕೊಡಲಿ ಅಡಿಮರಕ್ಕೆ ಬೀಳುತ್ತದೆ, ಕಾಲಿಗಲ್ಲ. ನೀಲಗಿರಿಯಂಥ ಎಳೆ ಹೆಣೆದುಕೊಂಡ ಮರವನ್ನು ಹಸಿಯಿದ್ದಾಗಲೇ ಸೀಳಿ. ಒಣಗಿದ ಮೇಲೆ ಅದು ಬಗ್ಗುವುದಿಲ್ಲ. ಅದಕ್ಕೂ ಬಗ್ಗದ ಬೊಡ್ಡೆಗೆ ಕಬ್ಬಿಣದ ಬೆಣೆ ಎರಡು, ಒಂದು ದೊಡ್ಡ ಸುತ್ತಿಗೆ. ಕೊಡಲಿಯ ಬೆನ್ನಿನಿಂದ ಬೆಣೆ ಹೊಡೆಯಬೇಡಿ, ಹಿಡಿ ಕೂರುವ ಕಣ್ಣು ಬಿರಿಯುತ್ತದೆ.

ಚೈನ್ ಸಾ ಕೊಳ್ಳಬೇಕಾ? ವರ್ಷಕ್ಕೆ ಮೂರು ನಾಲ್ಕು ಟನ್ ಕಡಿಯುವ ಮನೆಗೆ ಬೇಡ ಅನ್ನುವುದು ನನ್ನ ನಿಲುವು. ಮೆಷಿನ್ ಸಮೇತ ಬರುವ ಆಳನ್ನು ಒಂದು ದಿನ ಕರೆದರೆ ವರ್ಷದ ತುಂಡು ಆಗಿಹೋಗುತ್ತದೆ. ಸುಮ್ನೆ ಮೂಲೆಯಲ್ಲಿ ಕೂತ ಮೆಷಿನ್ ಹಾಳಾಗುವುದೇ ಜಾಸ್ತಿ. ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿದು ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ತೋಟ ದೊಡ್ಡದು, ಗಾಳಿಮಳೆಗೆ ಮರ ಬೀಳುತ್ತಲೇ ಇರುತ್ತವೆ, ದಾರಿ ಬಿಡಿಸಬೇಕು ಅನ್ನುವವರಿಗೆ ಮಾತ್ರ ಅದು ಬೇಕೇ ಬೇಕು. ಅವರಿಗೆ 16ರಿಂದ 18 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಸಾಕು. ಹತ್ತಿರದ ಪೇಟೆಯಲ್ಲಿ ಚೈನ್, ಬಿಡಿಭಾಗ, ರಿಪೇರಿ ಸಿಗುವ ಕಂಪನಿಯದನ್ನೇ ತೆಗೆದುಕೊಳ್ಳಿ. ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್ ಎಷ್ಟು ಅನ್ನುವುದು ಅದರ ಪುಸ್ತಕದಲ್ಲಿರುತ್ತದೆ. 50:1 ಅಂದಿದ್ದರೆ ಲೀಟರಿಗೆ 20 ಮಿಲಿ, 25:1 ಅಂದಿದ್ದರೆ 40 ಮಿಲಿ. ಮನೆಯಂಗಳದಲ್ಲೇ ತುಂಡು ಮಾಡುವವರಿಗೆ ಕರೆಂಟಿನದು ಹಗುರ, ಸದ್ದು ಕಮ್ಮಿ, ಬೆಲೆಯೂ ಕಮ್ಮಿ. ವೈರ್ ಎಳೆಯುವಷ್ಟು ದೂರ ಮಾತ್ರ.

ಚೈನ್ ಹರಿತ ಇದೆಯಾ ಅನ್ನುವುದನ್ನು ಪುಡಿ ನೋಡಿ ಹೇಳಬಹುದು. ಚಕ್ಕೆ ಚಕ್ಕೆಯಾಗಿ ಬಿದ್ದರೆ ಹರಿತ. ಹಿಟ್ಟಿನ ಹಾಗೆ ಬಿದ್ದರೆ ಮೊಂಡು, ನಿಲ್ಲಿಸಿ ಅರ ಹಾಕಿ. ಮೊಂಡು ಚೈನನ್ನು ಒತ್ತಿ ಕೊಯ್ಯುವಾಗಲೇ ಅಪಾಯ ಹೆಚ್ಚು. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ಮುಖದ ಕಡೆಗೆ ಒದೆಯುತ್ತದೆ. ಚೈನ್ ಬ್ರೇಕ್ ಇಲ್ಲದ ಮೆಷಿನ್ ಎಷ್ಟೇ ಅಗ್ಗವಾದರೂ ಬೇಡ. ಬರಿಗಾಲು, ಲುಂಗಿಯಲ್ಲಿ ಅದನ್ನು ಹಿಡಿಯಲೇಬಾರದು.

ಸೀಳುವ ಯಂತ್ರದಲ್ಲಿ ಎರಡು ಬಗೆ. ತಿರುಗುವ ಶಂಕುವಿನ ತಿರುಪು ಮರದೊಳಗೆ ಹೊಕ್ಕು ಸೀಳುವುದು ಒಂದು. ಅಗ್ಗ, ಬೇಗ, ಆದರೆ ತೆರೆದ ತಿರುಪು. ಸೀರೆಯ ಸೆರಗು, ಟವೆಲಿನ ತುದಿ, ಕೈಗವಸು ಸಿಕ್ಕಿಕೊಂಡರೆ ಕ್ಷಣ ಸಾಕು. ಮನೆಗೆ ಇದು ಬೇಡವೇ ಬೇಡ. ಇನ್ನೊಂದು ಹೈಡ್ರಾಲಿಕ್, ಬೆಣೆಯನ್ನು ನಿಧಾನಕ್ಕೆ ಒತ್ತುವುದು. ಎರಡೂ ಕೈ ಹಿಡಿಯಲ್ಲಿದ್ದರೆ ಮಾತ್ರ ಚಲಿಸುವಂಥದ್ದನ್ನು ಆರಿಸಿ. ವಯಸ್ಸಾದವರೇ ಇರುವ ಮನೆ, ಆಳು ಸಿಗದ ಊರು, ನಾಲ್ಕಾರು ಮನೆ ಸೇರಿ ಕೊಳ್ಳುವ ಮನಸ್ಸು ಇದ್ದರೆ ಒಳ್ಳೆಯ ವಸ್ತು.

ಉರಿಸಬಾರದ ಮರ

ಹಲಸು, ಹೆಬ್ಬಲಸು, ದಪ್ಪ ಅಕೇಶಿಯಾ ಬಿದ್ದರೆ ತುಂಡು ಹಾಕುವ ಮೊದಲು ನಿಲ್ಲಿ. ಚೇಗು (ಒಳಗಿನ ಗಟ್ಟಿ ತಿರುಳು) ಬಲಿತ ದಿಮ್ಮಿ ಹಲಗೆಯಾಗಬೇಕು. ಅಂಗಳದಲ್ಲೇ ಚೈನ್ ಸಾದಲ್ಲಿ ಹಲಗೆ ಕೊಯ್ಯಿಸುವುದಾ, ಸಾಮಿಲ್ಲಿಗೆ ಒಯ್ಯುವುದಾ? ಚೈನ್ ಸಾ ಒಂದೊಂದು ಕೊಯ್ತಕ್ಕೂ ಸುಮಾರು 8 ಮಿಲಿಮೀಟರ್ ಮರವನ್ನು ಪುಡಿ ಮಾಡುತ್ತದೆ. ಬ್ಯಾಂಡ್ ಸಾ 2ರಿಂದ 3. ಹತ್ತು ಕೊಯ್ತಕ್ಕೆ ಚೈನ್ ಸಾದಲ್ಲಿ 80 ಮಿಲಿಮೀಟರ್, ಅಂದರೆ ಒಂದಿಂಚಿನ ಮೂರು ಹಲಗೆ ಪುಡಿಯಾಗಿ ಹೋದವು. ಸಾಗಿಸಲು ದಾರಿ ಇದ್ದರೆ ಸಾಮಿಲ್ಲೇ ಸರಿ.

ಮರವನ್ನೇ ಮಾರುವವರು ಅಳತೆ ತಿಳಿದಿರಬೇಕು. ಸುತ್ತಳತೆಯ ನಾಲ್ಕನೇ ಒಂದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ರೂಢಿಯ ಲೆಕ್ಕ. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಇದರಲ್ಲಿ 10 ಘನ ಅಡಿ. ನಿಜವಾದ ಗಾತ್ರ 12.7. ಕೊಯ್ಯುವಾಗಿನ ನಷ್ಟಕ್ಕೆ ಬಿಟ್ಟ ಪಾಲು ಈ ಲೆಕ್ಕದೊಳಗೇ ಇದೆ. ಆದ್ದರಿಂದ ಅದರ ಮೇಲೆ ಮತ್ತೆ "ವೇಸ್ಟೇಜ್" ಅಂತ ಕಳೆಯಲು ಬಂದರೆ ಒಪ್ಪಬೇಡಿ. ತೊಗಟೆ ತೆಗೆದು ಅಳೆಯುವುದಾ, ತೊಗಟೆ ಸಮೇತವಾ ಅನ್ನುವುದನ್ನೂ ಮೊದಲೇ ಮಾತಾಡಿ.

ಕಡಿಯುವ ಮೊದಲು ಕಾನೂನು ನೋಡಿಕೊಳ್ಳಿ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್‌ನಂಥ ಕೆಲವಕ್ಕೆ ಕಡಿಯಲು ವಿನಾಯಿತಿ ಇದೆ. ಸಾಗಿಸುವ ನಿಯಮ ಬೇರೆ ಇರುತ್ತದೆ. ನಿಮ್ಮ ಮರದ ಹೆಸರು, ಸರ್ವೆ ನಂಬರ್ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಪಾಸ್ ಬೇಕಿದ್ದರೆ ಅದು ಕೈಗೆ ಬಂದ ಮೇಲೆ ಗಾಡಿಗೆ ಹೇಳಿ. ಸಾಮಿಲ್ಲಿನವರೂ ಕಾಗದ ಇಲ್ಲದ ದಿಮ್ಮಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಳ್ಳಲೂಬಾರದು.